ಸೀಸ ಕರಗಿಸಲು ಒಂದು ಪಾತ್ರೆ

ವಿಚಾರಿಸದೆ ಒಂದು ಸಾಲನ್ನೂ ಬರೆಯುವವನಲ್ಲ ನಾನು. ಬೆಂಗಳೂರಿನ ಪತ್ರಿಕೆಯೊಂದಕ್ಕೆ ಕೋಲಾರದ ಸುದ್ದಿ ಕಳಿಸುತ್ತಿದ್ದ ಆ ವರ್ಷಗಳಲ್ಲಿ, ಮಾಲೂರಿನ ಕಡೆ ಸಿಡಿಲಿಗೆ ಎತ್ತು ಸತ್ತಿತೆಂದು ಯಾರಾದರೂ ಹೇಳಿದರೆ ಎತ್ತಿನ ಯಜಮಾನನನ್ನೊಮ್ಮೆ, ಪಕ್ಕದ ಮನೆಯವನನ್ನೊಮ್ಮೆ ಕೇಳಿ, ಸಾಧ್ಯವಾದರೆ ಎತ್ತನ್ನೂ ನೋಡಿ ಬರುತ್ತಿದ್ದೆ. ಒಂದು ಸಲ ಎತ್ತು ಮೇವು ತಿನ್ನುವುದನ್ನು ನಿಲ್ಲಿಸಿ ನನ್ನನ್ನು ನೋಡಿದ್ದೂ ಉಂಟು. ಆದರೆ ಈ ಎಚ್ಚರವೆಲ್ಲ ಹೊಸ್ತಿಲಿನಾಚೆಯ ವಿಷಯಗಳಿಗೆ. ಮನೆಯೊಳಗೆ ನಾನು ಬರೀ ಊಹೆಯ ಮೇಲೆ ಬದುಕುತ್ತಿದ್ದೆನೆಂಬುದು ಬಾವಿಯ ಕಂಬಿ ಸಡಿಲವಾದಾಗ ತಿಳಿಯಿತು.

ನಮ್ಮ ಹಿತ್ತಲ ಬಾವಿಗೆ ಎರಡು ಕಲ್ಲುಕಂಬ. ಕಂಬಗಳ ನೆತ್ತಿಯಲ್ಲಿ ಒಂದೊಂದು ಗುಳಿ, ಆ ಗುಳಿಗಳಲ್ಲಿ ತುದಿ ಊರಿ ನಿಂತ ಅಡ್ಡ ಕಂಬಿ, ಕಂಬಿಗೆ ರಾಟೆ. ಕೊಡ ಮೇಲೆ ಬರುವಾಗ ಒಂದು ತುದಿ ಗುಳಿಯಿಂದ ಏಳುತ್ತಿತ್ತು. ನನ್ನ ಹೆಂಡತಿ ಕಮಲ ಅದನ್ನು ಕಲ್ಲಿನಿಂದ ಗುದ್ದಿ ಕೂರಿಸಿ ಮುಂದಿನ ಕೊಡ ಸೇದುತ್ತಿದ್ದಳು. ಆರು ತಿಂಗಳು ಹೀಗೆ ನಡೆಯಿತು. ಅಷ್ಟರಲ್ಲಿ ಶ್ರೀನಿವಾಸಪುರದಿಂದ ಅತ್ತೆಯವರು ಬರುತ್ತೇನೆಂದು ಕಾಗದ ಬರೆದರು. ಅವರು ಮಡಿ ಹೆಂಗಸು. ತಮ್ಮ ನೀರು ತಾವೇ ಸೇದಬೇಕು, ಅದೂ ಬಾವಿಯ ಮೇಲೆ ಪೂರ್ತಿ ಬಾಗಿ.

"ಅಮ್ಮ ಬಾವಿಗೆ ಬಿದ್ರೆ ಅದನ್ನೂ ಇಬ್ಬರನ್ನ ಕೇಳಿ ಬರೀತೀರಾ?" ಎಂದಳು ಕಮಲ.

ಕಲ್ಲುಕುಟಿಗ ಬಂದು ನೋಡಿ, ಗುಳಿಗೆ ಸೀಸ ಕರಗಿಸಿ ಹೊಯ್ದರೆ ನೂರು ವರ್ಷ ಅಲ್ಲಾಡದು ಎಂದು ಹೇಳಿ ಮುಳಬಾಗಿಲಿಗೆ ಹೊರಟುಹೋದ. ಸೀಸದ ಗಟ್ಟಿ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಇನ್ನು ಬೇಕಾದದ್ದು ಪಾತ್ರೆ.

ಕಮಲ ಎದುರು ಮನೆಗೆ ಅರಿಸಿನ ಕುಂಕುಮಕ್ಕೆ ಹೋಗಿದ್ದ ಮಧ್ಯಾಹ್ನ ಅಡಿಗೆಮನೆ ಹೊಕ್ಕೆ. ಆತುರಪಡಲಿಲ್ಲ. ಮಣ್ಣಿನ ಮಡಕೆ ಸೀಳಬಹುದು. ಹಿತ್ತಾಳೆಯ ತಪ್ಪಲೆಗೆ ಕಲಾಯಿ ಹಾಕಿಸಿ ವಾರವಾಗಿತ್ತು, ಮಸಿಯಾದರೆ ಸಿಕ್ಕಿಬೀಳುತ್ತೇನೆ. ಕೊನೆಗೆ ಕಣ್ಣು ನಿಂತದ್ದು ಸಾರಿನ ಚೊಂಬಿನ ಮೇಲೆ. ಈಯದ ಚೊಂಬು, ಅಂದರೆ ಅಪ್ಪಟ ತವರದ್ದು. ಮದುವೆಯಲ್ಲಿ ಅತ್ತೆಯವರು ಕೊಟ್ಟದ್ದು. ಹನ್ನೆರಡು ವರ್ಷ ದಿನವೂ ಕೆಂಡದ ಮೇಲೆ ಕೂತು ಸಾರು ಕುದಿಸಿದ ಚೊಂಬಿಗೆ ಒಂದು ಗೀರೂ ಬಿದ್ದಿರಲಿಲ್ಲ. ಇದಕ್ಕಿಂತ ಬಲವಾದ ಸಾಕ್ಷ್ಯ ವರದಿಗಾರನಿಗೆ ಸಿಗುವುದು ಅಪರೂಪ. ಅಷ್ಟೂ ವರ್ಷ ಅದರೊಳಗೆ ಸಾರು ಇತ್ತೆಂಬ ಅಂಶವನ್ನು ನಾನು ಮುಖ್ಯವೆಂದು ಪರಿಗಣಿಸಲಿಲ್ಲ.

ಹಿತ್ತಲಲ್ಲಿ ಮೂರು ಕಲ್ಲಿಟ್ಟು ಇದ್ದಿಲು ಹೊತ್ತಿಸಿ, ಚೊಂಬಿನಲ್ಲಿ ಸೀಸ ಇಟ್ಟು ಊದಿದೆ. ಸ್ವಲ್ಪ ಹೊತ್ತಿನಲ್ಲೇ ಚೊಂಬಿನ ಸೊಂಟ ಬಾಗಿತು. ನನ್ನ ಕಣ್ಣೇ ಮಂಜಾಗಿರಬೇಕೆಂದು ಕನ್ನಡಕ ಒರೆಸಿಕೊಂಡೆ. ಮತ್ತೆ ಹಾಕಿಕೊಂಡು ನೋಡುವಾಗ ಚೊಂಬು ಇರಲಿಲ್ಲ. ಬೆಳ್ಳನೆಯ ನೀರೊಂದು ಬೂದಿಯೊಳಗೆ ಇಳಿಯುತ್ತಿತ್ತು. ಸೀಸದ ಗಟ್ಟಿ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕೆಂಡದ ಮೇಲೆ ಇಡಿಯಾಗಿ ಕೂತಿತ್ತು.

ಕಮಲ ಬಂದು ಬಹಳ ಹೊತ್ತು ಬೂದಿಯನ್ನೇ ನೋಡಿದಳು. "ಸಾರು ಹಾಕಿದ್ಮೇಲೇ ಅದನ್ನ ಬೆಂಕಿಗೆ ಇಡ್ಬೇಕು ಅಂತ ಮೂರು ವರ್ಷದ ಮಗೂಗೂ ಗೊತ್ತು ಕಣ್ರೀ!"

"ನನಗೆ ಯಾರೂ ಹೇಳಲಿಲ್ಲ."

"ನೀವು ಯಾರನ್ನ ಕೇಳಿದ್ರಿ?"

ನಮ್ಮ ಪಾತ್ರೆಗಳಿಗೆ ಕಲಾಯಿ ಹಾಕುವ ಬಾಷಾ ಸಾಹೇಬರನ್ನು ಕರೆತಂದೆ. ಅವರು ಬೂದಿ ಕೆದಕಿ ನಕ್ಕರು. "ನಾನು ಕಲಾಯಿ ಹಾಕೋವಾಗ ಎದುರಿಗೇ ಕೂತಿರ್ತೀರಲ್ಲಾ ಸಾಮೀ? ಬಿಸಿ ತಾಕಿದ್ರೆ ಸಾಕು, ತವರ ನೀರಾಗೋಗ್ತದೆ. ಸೀಸ ಕರಗೋಕೆ ಅದಕ್ಕಿಂತ ಜಾಸ್ತಿ ಬೆಂಕಿ ಬೇಕು. ದಪ್ಪ ಕಬ್ಬಿಣದ್ದು ಕೊಡಿ, ಬೆಸುಗೆ ಇರಬಾರದು."

ಅಂಥದ್ದು ಮನೆಯಲ್ಲಿ ಒಂದೇ ಇತ್ತು, ಕಮಲಳ ಬಾಣಲೆ. ಯುದ್ಧ ಶುರುವಾದ ಮೇಲೆ ಅಂಗಡಿಗಳಲ್ಲಿ ಕಬ್ಬಿಣದ ಬಾಣಲೆ ಕಾಣುತ್ತಲೇ ಇರಲಿಲ್ಲ. ಅವಳು ತಂದು ಮುಂದಿಟ್ಟಳು. ಸಾಹೇಬರು ಮುಟ್ಟಲಿಲ್ಲ.

"ಯೋಚನೆ ಮಾಡಿ ಕೊಡಮ್ಮಾ. ಒಂದ್ಸಲ ಸೀಸ ಬಿದ್ರೆ ಆಮೇಲೆ ಇದ್ರಲ್ಲಿ ತಿನ್ನೋದು ಏನೂ ಮಾಡಂಗಿಲ್ಲ. ಎಷ್ಟು ಉಜ್ಜಿದ್ರೂ ಅದ್ರ ಜಹರ್, ವಿಷ, ಹೋಗಲ್ಲ."

ಕಮಲ ಬಾಣಲೆ ನೋಡಿದಳು, ಬಾವಿ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. "ತಗೊಳ್ಳಿ ಸಾಹೇಬ್ರೇ. ನನಗಿರೋದು ಒಬ್ಬಳೇ ಅಮ್ಮ."

ಸಾಹೇಬರು ಗುಳಿಗೆ ಕೆಂಡ ತುಂಬಿ ಚೆನ್ನಾಗಿ ಒಣಗಿಸಿದರು. ಒಂದು ಹನಿ ನೀರಿದ್ದರೂ ಸೀಸ ಮುಖಕ್ಕೆ ಸಿಡಿಯುತ್ತದಂತೆ. ನಾನು ನೆರವಿಗೆ ಹೋದೆ. "ನೀವು ಆ ಜಗಲಿ ಮೇಲೆ ಕೂತ್ಕೊಳ್ಳಿ ಸಾಮಿ, ಅದೇ ದೊಡ್ಡ ಸಹಾಯ" ಎಂದರು. ಬೂದಿಯಿಂದ ಹೆಕ್ಕಿದ ತವರವನ್ನೂ ಒಣಗಿಸಿ ಸೀಸಕ್ಕೇ ಸೇರಿಸಿ ಗುಳಿಗೆ ಹೊಯ್ದರು. ಕಂಬಿ ಬಂಡೆಯಂತೆ ನಿಂತಿತು.

ಎರಡು ದಿನ ಬಿಟ್ಟು ಅತ್ತೆಯವರು ಬಂದರು. ಬೆಳಿಗ್ಗೆ ಎಂಟು ಕೊಡ ಸೇದಿ, ಕಂಬಿ ಬಲು ಗಟ್ಟಿಯಾಗಿದೆಯೆಂದು ಮೆಚ್ಚಿ ಒಳಗೆ ಹೋದರು. ನಾನು ನಡುಮನೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ.

"ಸಾರಿನ ಚೊಂಬು ಎಲ್ಲಿಟ್ಟಿದೀಯೇ ಕಮಲಾ?"

"ಈಗ ನೀರು ಸೇದಿದ್ಯಲ್ಲಮ್ಮ, ಆ ಕಂಬಿ ಬುಡದಲ್ಲಿದೆ."

ಚೊಂಬು ಕರಗಿದ ಕಥೆಯನ್ನು ಅವಳು ಹೆಚ್ಚು ಕಡಿಮೆಯಿಲ್ಲದೆ ಹೇಳಿದಳು; ಬಾಣಲೆಯ ಮಾತಿಗೆ ಇನ್ನೂ ಬಂದಿರಲಿಲ್ಲ. ವರದಿಯಲ್ಲಿ ನನಗೆ ತಿದ್ದಲು ಏನೂ ಸಿಗಲಿಲ್ಲ. ಅತ್ತೆಯವರು ತಮ್ಮ ಗಂಟು ಬಿಚ್ಚುವ ಸದ್ದು ಕೇಳಿಸಿತು. ಆಮೇಲೆ, "ಹೋಗ್ಲಿ ಬಿಡೇ, ನಾನು ಬೀಳ್ಬಾರ್ದು ಅಂತ ತಾನೇ ಮಾಡಿದ್ದು. ಅಳಿಯಂದಿರಿಗೆ ಇಷ್ಟ ಅಂತ ನೂರು ಹಪ್ಪಳ ಮಾಡ್ಕೊಂಡು ಬಂದಿದೀನಿ. ಬಾಣಲೆ ಇಡು, ಬಿಸಿಬಿಸಿ ಕರೆದು ಕೊಡೋಣ" ಎಂದರು.

ನಾನು ಅಂಗಿ ತೊಟ್ಟು ಸುದ್ದಿ ಸಂಗ್ರಹಕ್ಕೆ ಹೊರಟೆ. ಅಂದು ಕೋಲಾರದಲ್ಲಿ ವರದಿ ಮಾಡುವಂಥದ್ದು ಏನೂ ನಡೆಯಲಿಲ್ಲ. ಸಂಜೆಯವರೆಗೆ ಊರೆಲ್ಲ ಸುತ್ತಿ, ಇದನ್ನು ನಾನೇ ಖುದ್ದಾಗಿ ಖಚಿತಪಡಿಸಿಕೊಂಡಿದ್ದೇನೆ.