ಎರವಲು ಪಾತ್ರೆಯ ಆಪತ್ತಿನ ನೀರು

ಇನ್ನೊಬ್ಬರ ಬಾಗಿಲಲ್ಲಿ ನಿಂತು ಏನನ್ನಾದರೂ ಕೇಳುವುದೆಂದರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ನಾನು ಇದನ್ನು ಸ್ವಾಭಿಮಾನ ಎಂದುಕೊಂಡಿದ್ದೇನೆ. ನನ್ನ ತಾಯಿ ಜಂಬ ಎನ್ನುತ್ತಾರೆ. ಮೈಸೂರಿನಲ್ಲಿ ಎಂ.ಎ. ಓದುವಾಗ, ಹಾಸ್ಟೆಲಿನ ಊಟದ ಮನೆಯಲ್ಲಿ ಉಪ್ಪಿನ ಬಟ್ಟಲು ಕೈಗೆ ದೂರವಿದ್ದರೆ ಸಪ್ಪೆ ಸಾರನ್ನೇ ಉಂಡು ಎದ್ದವಳು ನಾನು. ಇಂಥವಳಿಗೆ ಹೈಸ್ಕೂಲು ಕೆಲಸ ಸಿಕ್ಕಿದ್ದು ಹೊಸದುರ್ಗದಲ್ಲಿ, ಬಾಡಿಗೆಗೆ ಸಿಕ್ಕಿದ್ದು ನಾಲ್ಕು ಮನೆಗಳ ಸಾಲಿನಲ್ಲಿ ಕೊನೆಯದು. ಮನೆ ಎಂದರೆ ಒಂದು ಕೋಣೆ, ಅದರ ಮೂಲೆಯಲ್ಲಿ ಒಲೆ. ನಲ್ಲಿ ಬೀದಿಯ ತುದಿಯಲ್ಲಿ. ನೀರು ದಿನ ಬಿಟ್ಟು ದಿನ.

ಆ ನಲ್ಲಿ ಎಂದಾದರೂ ಕೈಕೊಟ್ಟರೆ ಚೊಂಬು ಹಿಡಿದು ಪಕ್ಕದ ಮನೆಗೆ ಹೋಗಬೇಕಾದೀತೆಂಬ ಯೋಚನೆಯೇ ನನಗೆ ಜ್ವರ ಬರಿಸುತ್ತಿತ್ತು. ಆದ್ದರಿಂದ ಕುಡಿಯುವ ನೀರನ್ನು ಆಪತ್ತಿಗೆಂದು ಬೇರೆ ತುಂಬಿಡಲು ನಿಶ್ಚಯಿಸಿದೆ. ಒಬ್ಬಳಿಗೆ ಹದಿನೈದು ದಿನಕ್ಕೆ ಎಷ್ಟು ನೀರು ಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು, ಪಾತ್ರೆ ಇರಲಿಲ್ಲ. ನನ್ನ ಸ್ವಂತದ್ದು ಒಂದು ಬಿಂದಿಗೆ, ಒಂದು ಚೊಂಬು. ಹೀಗಾಗಿ, ನೆರೆಯವರನ್ನು ನೀರು ಕೇಳುವ ಪ್ರಸಂಗ ಬಾರದಿರಲೆಂದು ನೆರೆಯವರನ್ನೆಲ್ಲ ಪಾತ್ರೆ ಕೇಳಿದೆ. ಇದರಲ್ಲಿ ವಿರೋಧಾಭಾಸವಿದೆ ಎಂದು ನನಗೆ ಆಗ ತೋಚಲಿಲ್ಲ. ಪಾತ್ರೆ ಕೇಳಿದರೆ ಮನೆಗೆ ನೆಂಟರು ಬರುತ್ತಾರೆಂದು ಅರ್ಥ, ಅದರಲ್ಲಿ ಒಂದು ಗೌರವವಿದೆ. ಆದರೂ ಆ ಒಂದು ವಾಕ್ಯವನ್ನು ಕನ್ನಡಿಯ ಮುಂದೆ ಎರಡು ದಿನ ಅಭ್ಯಾಸ ಮಾಡಿಕೊಂಡೇ ಹೋದೆ.

ಪಕ್ಕದ ಗೌರಮ್ಮ ಎರಡು ಹಿತ್ತಾಳೆ ಕೊಳಗ ಕೊಟ್ಟರು. ಅವರ ಯಜಮಾನರಿಗೆ ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸ, ವಾರಕ್ಕೊಮ್ಮೆ ಬರುವವರು; ಹಾಗಾಗಿ ಗೌರಮ್ಮನವರಿಗೆ ನಮ್ಮ ವಿಚಾರಗಳಿಗೆ ಬೇಕಾದಷ್ಟು ಬಿಡುವು. “ಗಂಡಿನ ಕಡೇರು ಬರ್ತಾರೇನ್ರಿ ಟೀಚರಮ್ಮ?” ಎಂದರು. ಸುಳ್ಳು ಹೇಳಲಾರದೆ ನಕ್ಕೆ. ನಕ್ಕಿದ್ದು ಸಾಕಾಯಿತು. ಅವರಾಚೆಯ ಸಿದ್ದಮ್ಮ, ಮಾಡದಕೆರೆ ಕಡೆಯ ಕುರಿ ಸಾಕುವ ಮನೆತನದವರು, ಅಟ್ಟದಿಂದ ತಾಮ್ರದ ಹಂಡೆಯನ್ನೇ ಇಳಿಸಿದರು. ಮೊದಲ ಮನೆಯ ಈರಜ್ಜ, ಎತ್ತಿನ ಗಾಡಿ ಹೊಡೆಯುವವರು, ಒಂದು ಕಡಾಯಿ ಹೊತ್ತು ತಂದಿಟ್ಟರು. ಎಲ್ಲಕ್ಕೂ ನೀರು ತುಂಬಿ, ಬಟ್ಟೆ ಕಟ್ಟಿ, ಯಾರದು ಯಾವುದೆಂದು ಸೀಮೆಸುಣ್ಣದಲ್ಲಿ ಹೆಸರು ಬರೆದೆ. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಹಾಸಿಗೆಯನ್ನು ಹಂಡೆಯ ಸುತ್ತ ಬಳಸಿ ಹಾಸಿಕೊಂಡು ಮೂರು ವಾರ ನಾನೂ ಬಾಗಿಕೊಂಡೇ ಮಲಗಿದೆ. ನಲ್ಲಿ ಬಂದಾಗಲೆಲ್ಲ ಹಳೆಯದನ್ನು ಚೆಲ್ಲಿ ಹೊಸದು ತುಂಬುತ್ತಿದ್ದೆ. “ಇನ್ನೂ ಬರ್ಲಿಲ್ಲೇನ್ರಿ ಅವ್ರು?” ಎಂದು ಗೌರಮ್ಮ ಮರುಕದಿಂದ ಕೇಳುತ್ತಿದ್ದರು.

ಕೊನೆಗೂ ಆಪತ್ತು ಬಂತು. ನೀರೆತ್ತುವ ಮೋಟಾರು ಸುಟ್ಟಿದೆ, ನಲ್ಲಿ ಯಾವಾಗ ಬರುವುದೋ ಗೊತ್ತಿಲ್ಲ ಎಂದರು. ನಾನು, ಹೇಳಬಾರದು, ಒಳಗೊಳಗೇ ಹಿಗ್ಗಿದೆ. ಆಪತ್ತಿನ ನೀರನ್ನು ಅವಸರಪಟ್ಟು ಮುಟ್ಟಬಾರದೆಂದು ಮೊದಲು ನನ್ನ ಬಿಂದಿಗೆಯದನ್ನೇ ಖಾಲಿ ಮಾಡಿದೆ. ಮೂರನೆಯ ದಿನ ಸಂಜೆ, ಬಿಂದಿಗೆಯ ತಳ ಕಂಡ ಹೊತ್ತಿಗೆ, ಗೌರಮ್ಮ ಬಾಗಿಲಿಗೆ ಬಂದರು.

“ಈರಜ್ಜ ತ್ವಾಟದ ಬಾವಿಗೆ ಗಾಡಿ ಕಟ್ಟೈತೆ. ಇರೋ ಪಾತ್ರೆಯೆಲ್ಲ ಬೇಕು. ನೀವೂ ಬರ್ರಿ, ಹೋಗಾಣ.”

“ಬೇಡ, ನನ್ನಲ್ಲಿ ಇದೆ,” ಎಂದೆ, ಬಹಳ ಘನವಾಗಿ.

ಅವರು ತಮ್ಮ ಹೆಸರು ಓದಿಕೊಂಡು ಕೊಳಗದ ಬಟ್ಟೆ ಬಿಚ್ಚಿದರು. ಬಾಯಿಮಟ್ಟ ನೀರು. ಅವರ ಕಣ್ಣು ತುಂಬಿತು. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ಪದ್ಧತಿ. ಒಂದು ಅಚ್ಚು ಬೆಲ್ಲವನ್ನಾದರೂ ಹಾಕಿ ಕೊಡುತ್ತಾರೆ.

“ಬರೇ ಪಾತ್ರೆ ಕೊಡಬಾರ್ದು ಅಂತ ತುಂಬ್ಸೇ ಇಟ್ಟೀರಲ್ರಿ. ಓದಿದೋರಿಗೆ ಪದ್ಧತಿ ಗೊತ್ತಿರಾಕಿಲ್ಲ ಅಂತಾರೆ. ಸಿದ್ದಕ್ಕ, ಬಾರೇ ಇಲ್ಲಿ, ನೋಡು.”

ಸಿದ್ದಮ್ಮ ಬಂದರು. ಈರಜ್ಜನೂ ಬಂದರು. “ತಾಯೀ, ನಿಮ್ಮಂಥೋರು ಇರೋದ್ಕೇ ಊರು ನಿಂತೈತೆ,” ಎಂದು ಕಡಾಯಿಗೆ ಕೈಹಾಕಿದರು. ನಾನು ಬಾಯಿ ತೆರೆದೆ; ನಾಲಿಗೆ ಅಂಗುಳಕ್ಕೆ ಅಂಟಿತ್ತು. ಸೀಮೆಸುಣ್ಣದ ಹೆಸರುಗಳಿದ್ದುದರಿಂದ ಹುಡುಕಾಟವೇ ಬೇಕಾಗಲಿಲ್ಲ. ಹಂಡೆಗೆ ಮಾತ್ರ ಇಬ್ಬರು ಬೇಕಾದರು. ಇನ್ನೊಂದು ಕಡೆ ನಾನೇ ಹಿಡಿದೆ. ಎಲ್ಲ ಪಾತ್ರೆಯೂ ತುಂಬಿಯೇ ಇದ್ದುದರಿಂದ ಬಾವಿಗೆ ಹೋಗುವ ಕಾರಣ ಉಳಿಯಲಿಲ್ಲ. ಈರಜ್ಜ ಎತ್ತು ಬಿಚ್ಚಿದರು.

ವಿಶಾಲವಾದ ನನ್ನ ಕೋಣೆಯಲ್ಲಿ ಅರ್ಧ ಗಂಟೆ ಕುಳಿತೆ. ಆಮೇಲೆ ಚೊಂಬು ಹಿಡಿದು ಹೊರಟೆ. ಈರಜ್ಜನ ಬಾಗಿಲಲ್ಲಿ ನಿಂತು, “ಗಂಟೆ ಎಷ್ಟಾಯಿತು ಅಜ್ಜ?” ಎಂದೆ. ಹೊತ್ತು ಮುಳುಗಿತೆಂದರು. ಸಿದ್ದಮ್ಮನ ಬಾಗಿಲಲ್ಲೂ ಅದೇ ಪ್ರಶ್ನೆ; ಕುರಿಗಳನ್ನು ಹಟ್ಟಿಗೆ ಕೂಡುವ ಹೊತ್ತು ಎಂದರು. ಗೌರಮ್ಮ ಒಳಗೆ ಹೋಗಿ ಗಡಿಯಾರ ನೋಡಿ ಬಂದು ಆರೂ ಮುಕ್ಕಾಲು ಎಂದರು. ಆಮೇಲೆ ನನ್ನನ್ನೇ ನೋಡಿದರು.

“ಟೈಮು ಕೇಳಾಕೆ ಚೊಂಬು ಯಾಕ್ರಿ ಟೀಚರಮ್ಮ? ಅಲ್ದೆ ವಾಚು ನಿಮ್ ಕೈಯಾಗೇ ಐತೆ.”

“ವಾಚು ನಿಂತಿದೆ.”

“ಚೊಂಬು?”

ಚೊಂಬನ್ನು ಸೆರಗಿನ ಹಿಂದಕ್ಕೆ ಸರಿಸಿದೆ. ಅವರು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, “ಬಾಯ್ಬಿಟ್ಟು ಕೇಳಿದ್ರೆ ಏನ್ ಹೋಗ್ತಿತ್ರಿ ನಿಮ್ ಗಂಟು,” ಎಂದು ಬೈಯುತ್ತಲೇ ಕಂಠಮಟ್ಟ ತುಂಬಿಸಿ ತಂದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅರ್ಧ ಚೊಂಬು ಕುಡಿದೆ. ಇನ್ನೂ ಬಾಯಾರಿಕೆ ಇತ್ತು. ಉಳಿದರ್ಧಕ್ಕೆ ತಟ್ಟೆ ಮುಚ್ಚಿ, ಆಪತ್ತಿಗಿರಲಿ ಎಂದು ಎತ್ತಿಟ್ಟೆ.