ಯಾರೂ ಆಡದ ಚದುರಂಗ

ಚನ್ನಪಟ್ಟಣದ ಬಾಬಾಜಾನ್ ಸಾಹೇಬರ ಗೊಂಬೆ ಕಾರ್ಖಾನೆಯಲ್ಲಿ ಒಂದು ಕಾನೂನಿತ್ತು: ಯಾವ ಗೊಂಬೆಯದೆಂದು ತಿಳಿಯದೆ ಒಂದು ಮರದ ಚೂರನ್ನೂ ಎಸೆಯಬಾರದು. ಹಿಂದಿನ ಗುಮಾಸ್ತನ ಕೆಲಸ ಹೋದದ್ದು ಒಂದು ಪುಟ್ಟ ಚಕ್ರವನ್ನು ಗುಡಿಸಿ ಹಾಕಿದ್ದಕ್ಕೆ. ಅವನ ಕುರ್ಚಿಗೆ ನೂರೀನ್ ಬಂದು ಹದಿನೆಂಟು ದಿನವಾಗಿತ್ತು.

ಮೂರು ಗಂಟೆಗೆ ಟೆಂಪೊ. ಅಷ್ಟರಲ್ಲಿ ನಾನೂರು ಡಬ್ಬಿಗೆ ಲೇಬಲ್ ಅಚ್ಚಾಗಬೇಕು. ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದ ಹಳೆಯ ಕಂಪ್ಯೂಟರ್ ಮಾತ್ರ ಡಿಸ್ಕಿನಲ್ಲಿ ಜಾಗವಿಲ್ಲವೆಂದು ಹಟ ಹಿಡಿಯಿತು. ಏನನ್ನು ತೆಗೆಯಬಹುದೆಂದು ನೂರೀನ್ ಹುಡುಕಿದಾಗ ಯಾರೂ ಆಡದ ಒಂದು ಚದುರಂಗದ ಆಟ ಸಿಕ್ಕಿತು. ತೆಗೆದಳು. ಆಗ ಯಂತ್ರ ಕೇಳಿತು: ಅದರ ಜೊತೆ ಬಂದಿದ್ದ ಇನ್ನೂರ ಹನ್ನೆರಡು ಪ್ಯಾಕೇಜುಗಳು, ಅಂದರೆ ತಂತ್ರಾಂಶದ ತುಣುಕುಗಳು, ಇನ್ನು ಬೇಕಿಲ್ಲ, ತೆಗೆಯಲೇ?

ನೂರೀನ್ ಆ ಸಾಲನ್ನು ಮತ್ತೊಮ್ಮೆ ಓದಿದಳು.

"ಏನಂತೆ ನೂರಮ್ಮ?" ಗೊಂಬೆಗೆ ಅರಗಿನ ಬಣ್ಣ ಹಾಕುತ್ತಿದ್ದ ವೆಂಕಟಲಕ್ಷ್ಮಮ್ಮ ಕೈ ಒರೆಸುತ್ತ ಬಗ್ಗಿ ನೋಡಿದಳು.

"ಬೇಡದ್ದನ್ನ ತೆಗೀಲಾ ಅಂತಿದೆ ಅಕ್ಕ."

"ಅದೇ ಬ್ಯಾಡ ಅಂತೈತಲ್ಲ, ಹೂಂ ಅನ್ನು!"

"ಇನ್ನೂರು ಅಂದ್ರೆ ಒಸಿ ಜಾಸ್ತಿ ಕಣವ್ವ," ಎಂದ ಮರ ಕಡೆಯುವ ಲೇತ್ ಬಳಿಯಿಂದ ದೊಡ್ಡಹನುಮಯ್ಯ. "ಸಾಹೇಬ್ರು ಬರ್ಲಿ."

"ನೀನು ಸುಮ್ಕಿರಯ್ಯ!" ಎಂದು ವೆಂಕಟಲಕ್ಷ್ಮಮ್ಮ ಗದರಿದಳು.

ನೂರೀನ್ 'ಹೌದು' ಒತ್ತಿದಳು. ಹೆಸರುಗಳು ಇರುವೆ ಸಾಲಿನಂತೆ ಓಡಿದವು. ಪರದೆ ಕಪ್ಪಾಯಿತು. ಮೂಲೆಯಲ್ಲೊಂದು ಬಿಳಿ ಗೆರೆ ಮಿಟುಕುತ್ತಿತ್ತು.

"ಕರೆಂಟ್ ಹೋಯ್ತಾ?"

"ನನ್ನ ಕೆಲಸ ಹೋಯ್ತು ಅಕ್ಕ."

ಮೊಬೈಲಿನ ನೆಟ್ ಕೊಟ್ಟು, ಬೆವರುತ್ತ, ಹೋದ ಪ್ಯಾಕೇಜುಗಳನ್ನು ವಾಪಸು ಕರೆದಳು. ಒಂದನ್ನು ಕರೆದರೆ ಅದು ಇನ್ನೊಂದಿಲ್ಲದೆ ಬಾರದು. ಆ ಇನ್ನೊಂದಕ್ಕೆ ಮತ್ತೆ ಮೂರು ಬೇಕು.

"ನಮ್ಮ ಹೊಂಗನೂರಿನ ಬೀಗರೂ ಹಿಂಗೇ," ಎಂದಳು ವೆಂಕಟಲಕ್ಷ್ಮಮ್ಮ. "ಒಬ್ಬರನ್ನ ಕರುದ್ರೆ ಒಂದು ಟ್ರ್ಯಾಕ್ಟರ್ ಜನ ಬತ್ತರೆ."

ಎರಡೂ ಮುಕ್ಕಾಲಿಗೆ ಪರದೆ ಬೆಳಗಿತು. ಚದುರಂಗವೊಂದನ್ನು ಬಿಟ್ಟು ಎಲ್ಲವೂ ಬಂದಿತ್ತು. ಮೊದಲ ಲೇಬಲ್ ಹಾಳೆ ಹೊರಬೀಳುವಾಗಲೇ ಸಾಹೇಬರು ಒಳಗೆ ಬಂದರು.

"ಶಾಬಾಸ್ ಬೇಟಿ! ಅದು ಅಚ್ಚಾಗ್ತಾ ಇರ್ಲಿ, ನಾನು ಒಂದು ಆಟ ಆಡ್ತೀನಿ." ಪರದೆಯೆಲ್ಲ ಹುಡುಕಿದರು. "ಚೆಸ್ ಎಲ್ಲಿ?"

ನೂರೀನ್ ಲೇಬಲ್ ಹಾಳೆ ಜೋಡಿಸತೊಡಗಿದಳು. "ಯಾರೂ ಆಡಲ್ಲ ಅಂತ..."

"ಯಾರದು ಅಂತ ಕೇಳಿದ್ಯಾ?" ಸಾಹೇಬರ ದನಿ ತಣ್ಣಗಿತ್ತು. ಹಿಂದಿನ ಗುಮಾಸ್ತ ಚಕ್ರ ಗುಡಿಸಿದ ದಿನವೂ ಹೀಗೇ ತಣ್ಣಗಿತ್ತಂತೆ. "ಹಾಕು, ಈಗ್ಲೇ."

ಹಾಕಹೊರಟಳು. ಯಂತ್ರ ಕೇಳಿತು: ಚದುರಂಗದ ಹೊಸ ಆವೃತ್ತಿ ಬರಬೇಕಾದರೆ ಹಳೆಯ ಲೇಬಲ್ ಪ್ಯಾಕೇಜ್ ಹೋಗಬೇಕು, ತೆಗೆಯಲೇ?

"ಸಾಹೇಬ್ರೆ, ಇದನ್ನ ಸ್ವಲ್ಪ ಓದಿ..." ಅನ್ನುವಷ್ಟರಲ್ಲಿ ಅವಳ ಭುಜದ ಮೇಲಿಂದ ಸಾಹೇಬರ ಬೆರಳು ಬಂದು 'ಹೌದು' ಒತ್ತಿತು.

ಪ್ರಿಂಟರ್ ನಿಂತಿತು. ಚದುರಂಗ ತೆರೆದುಕೊಂಡಿತು. ಹೊರಗೆ ಟೆಂಪೊ ಹಾರ್ನ್ ಹೊಡೆಯಿತು.

ಸಾಹೇಬರು ಪ್ರಿಂಟರನ್ನೊಮ್ಮೆ, ತಮ್ಮ ಬೆರಳನ್ನೊಮ್ಮೆ ನೋಡಿಕೊಂಡರು. "ಒತ್ತಿದ್ದು ಯಾರು?"

"ನೂರಮ್ಮನೇ ಸಾಹೇಬ್ರೆ," ಎಂದಳು ವೆಂಕಟಲಕ್ಷ್ಮಮ್ಮ. "ನಾನಂತೂ ಬೆಳಿಗ್ಗೆಯಿಂದ ಬ್ಯಾಡ ಬ್ಯಾಡ ಅಂತಾನೇ ಇವ್ನಿ."