ಸ್ವಾಗತ ಪತ್ರವನ್ನು ತಿದ್ದಿ ವಾಪಸು ಕಳಿಸಿದ ಹುಡುಗಿಯ ಪರವಾಗಿ

ನಮ್ಮ ಗುಬ್ಬಿ ಕೆಲಸ ಮಾಡುವ ಸಣ್ಣ ತಂತ್ರಾಂಶ ಕಂಪನಿಯನ್ನು ಹೋದ ತಿಂಗಳು ಖರೀದಿಸಿದ ಭಾರಿ ಕಂಪನಿಯ ಅಧ್ಯಕ್ಷರಾದ ಮಾನ್ಯರೇ,

ಮೋಡದ ಪಕ್ಕದಲ್ಲಿರುವ ತಮ್ಮ ಮಹಡಿಗೆ, ನೆಲ ಅಂತಸ್ತಿನ ಒಬ್ಬ ದರ್ಜಿಯ ನಮಸ್ಕಾರಗಳು ಲಿಫ್ಟು ಹತ್ತಿ ಸುಖವಾಗಿ ಬಂದು ತಲುಪಲಿ. ನಾನು ಗುಬ್ಬಿಯ ಸೋದರಮಾವ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವನು. ಏಳನೆಯದನ್ನು ಎರಡು ಸಲ ಓದಿ ಗಟ್ಟಿ ಮಾಡಿಕೊಂಡವನು. ಕೋಟು ಹೊಲಿಯುವುದರಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿಲ್ಲ. ಪಕ್ಕದ ಬೀದಿಯಲ್ಲಿ ಒಬ್ಬನಿದ್ದ, ಅವನೂ ಈಗ ಕಿಟಕಿ ಪರದೆ ಹೊಲಿಯುತ್ತಿದ್ದಾನೆ. ಇಷ್ಟು ದೊಡ್ಡ ಮನುಷ್ಯ ಕತ್ತರಿ ಕೆಳಗಿಟ್ಟು ಪೆನ್ನು ಹಿಡಿದಿದ್ದಾನೆಂದರೆ ವಿಷಯ ಗಂಭೀರವಾಗಿಯೇ ಇರಬೇಕೆಂದು ತಾವು ದಯವಿಟ್ಟು ಭಾವಿಸಬೇಕು.

ಖರೀದಿಯಾದ ವಾರದಲ್ಲಿ ತಾವು ಎಲ್ಲ ನೌಕರರಿಗೂ ಒಂದು ಸ್ವಾಗತ ಪತ್ರ ಕಳಿಸಿದಿರಿ. ಅದನ್ನು ನಮ್ಮ ಗುಬ್ಬಿ ತಿದ್ದಿ ತಮಗೇ ವಾಪಸು ಕಳಿಸಿದಳು. ಸೋಮವಾರ ಬೆಳಿಗ್ಗೆ ಅವಳು ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಂತೆ, ಕೆಲಸ ಉಳಿಯುವುದು ಅನುಮಾನವಂತೆ.

ಮಾನ್ಯರೇ, ಇದು ಸೊಕ್ಕಲ್ಲ, ಅಭ್ಯಾಸಬಲ. ಅವಳ ಕಚೇರಿಯಲ್ಲಿ ಯಾರು ಏನೇ ಬರೆದರೂ ಇನ್ನೊಬ್ಬರು ಅದನ್ನು ಸಾಲು ಸಾಲಾಗಿ ಓದಿ, ತಪ್ಪು ಕಂಡಲ್ಲಿ ಪಕ್ಕದಲ್ಲೇ ಟಿಪ್ಪಣಿ ಹಾಕಿ ಹಿಂದಕ್ಕೆ ಕಳಿಸಬೇಕು. ಓದಿದವರು ಒಪ್ಪಿದ ಮೇಲಷ್ಟೇ ಅದು ಹೊರಗೆ ಹೋಗುತ್ತದೆ. ಹಳೆಯ ಯಜಮಾನರು ಬರೆದದ್ದನ್ನೇ ನಿನ್ನೆ ಸೇರಿದವರು "ಸಾರ್, ಇದು ನಡೆಯಲ್ಲ" ಎಂದು ಮರಳಿಸಿದರೆ ಅವರು ಸಂತೋಷದಿಂದ ತಿದ್ದಿಕೊಡುತ್ತಿದ್ದರಂತೆ. ಟಿಪ್ಪಣಿ ಇಲ್ಲದೆ ಬಂದರೇ ಅಲ್ಲಿ ಅವಮಾನ, ಯಾರೂ ಓದಲೇ ಇಲ್ಲ ಎಂದು ಅರ್ಥ. ತಮ್ಮ ಪತ್ರವನ್ನು ಗುಬ್ಬಿ ಅದೇ ಗೌರವದಿಂದ ಓದಿದ್ದಾಳೆ. ಬಹುಶಃ ಅದನ್ನು ಪೂರ್ತಿ ಓದಿದವಳು ಅವಳೊಬ್ಬಳೇ, ಬರೆದವರನ್ನೂ ಲೆಕ್ಕ ಹಿಡಿದು.

"ನಾವೆಲ್ಲರೂ ಇನ್ನು ಒಂದೇ ಕುಟುಂಬ" ಎಂಬಲ್ಲಿ ಅವಳು ಹಾಕಿದ ಟಿಪ್ಪಣಿ: ಕುಟುಂಬ ಎಂದು ಘೋಷಿಸಲಾಗಿದೆ, ಮುಂದೆ ಎಲ್ಲಿಯೂ ಬಳಸಿಲ್ಲ. ಎರಡನೆಯ ಪುಟಕ್ಕೆ: ಇದು ಮೊದಲನೆಯ ಪುಟದ್ದೇ ಕೆಲಸ ಮಾಡುತ್ತಿದೆ, ತೆಗೆಯಬಹುದು. ಕೊನೆಯಲ್ಲಿ: ನಮ್ಮ ತಂತ್ರಾಂಶ ಎಂದಿನಂತೆ ಎಲ್ಲರಿಗೂ ತೆರೆದಿರುತ್ತದೆ ಎಂಬ ಸಾಲು ಕಾಣಲಿಲ್ಲ, ಕೈತಪ್ಪಿ ಬಿಟ್ಟುಹೋಗಿರಬಹುದು, ಸೇರಿಸಿ. ಅದರ ಕೆಳಗೆ, ಸದ್ಯಕ್ಕೆ ಒಪ್ಪಿಗೆ ಇಲ್ಲ.

ಆ ಕೊನೆಯ ಟಿಪ್ಪಣಿಯೇ ತಮಗೆ ಚುಚ್ಚಿತೆಂದು ನನ್ನ ಗುಮಾನಿ. ಗುಬ್ಬಿಯ ಕಚೇರಿಯವರು ಕಟ್ಟಿದ್ದು ಮಾಹಿತಿಯನ್ನು ಜೋಡಿಸಿಟ್ಟು, ಕೇಳಿದ ತಕ್ಷಣ ತೆಗೆದುಕೊಡುವ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಅದನ್ನು ಹೇಗೆ ಹೆಣೆದಿದೆಯೆಂದು ಒಳಗೆ ಇಣುಕಿ ನೋಡಬಹುದು, ತಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು. ಆಸ್ಪತ್ರೆಗಳು, ಗ್ರಂಥಾಲಯಗಳು ಅದನ್ನು ನಂಬಿಕೊಂಡಿವೆ. ನನ್ನ ಗಿರಾಕಿಗಳ ಅಳತೆಗಳೂ ಅದರೊಳಗೇ ಇವೆ. ಈ ಬೀದಿಯ ಗಣ್ಯರ ಸೊಂಟದ ಗುಟ್ಟುಗಳು ಹೊರಬೀಳದಿರುವುದು ಅದರ ದಯೆ. ತಾವೂ ಅಂಥದ್ದೇ ಒಂದನ್ನು ದುಬಾರಿ ಬೆಲೆಗೆ ಮಾರುತ್ತೀರಂತೆ. "ಮಾರೋದು ಒಂದು, ಹಂಚೋದು ಒಂದು, ಎರಡೂ ಒಂದೇ ಮನೇಲಿದ್ರೆ ಯಾವುದಕ್ಕೆ ಊಟ ಹಾಕ್ತಾರೆ ಹೇಳು ಮಾವ" ಎಂದು ಗುಬ್ಬಿ ಕೇಳುತ್ತಾಳೆ. ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ.

ಊಟದ ಹೊತ್ತಿಗೆ ನಮ್ಮ ಅಕ್ಕ ಮಗಳನ್ನು ತರಾಟೆಗೆ ತೆಗೆದುಕೊಂಡಳು. "ನಿನ್ನ ಬಾಯಿ ಸಾಲದು ಅಂತ ಬೆರಳಿಗೂ ಬಂತೇನೇ ಆ ಬುದ್ಧಿ?" "ಓದಿ ಅಂತ ಕಳಿಸಿದ್ರಮ್ಮ, ಓದ್ದೆ." ನಾನು ನಡುವೆ ಬಾಯಿ ಹಾಕಿ, ಅಧ್ಯಕ್ಷರಿಗೆ ನಾನೇ ಒಂದು ಪತ್ರ ಬರೆದು ಎಲ್ಲ ಸರಿಮಾಡುತ್ತೇನೆ ಎಂದೆ. "ಮಾವ, ನಿನ್ನ ಕಾಲಿಗೆ ಬೀಳ್ತೀನಿ, ಬೇಡ" ಎಂದಳು. ಸಂಕೋಚದ ಹುಡುಗಿ.

ತಮ್ಮ ಆಡಳಿತವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಬಂದ ತಿಂಗಳೊಳಗೆ ಗೋಡೆಗಳೆಲ್ಲ ತಮ್ಮ ಬಣ್ಣಕ್ಕೆ ತಿರುಗಿದವು, ಚಹಾದ ಚಮಚ ಬೇಕಾದರೂ ಕಂಪ್ಯೂಟರಿನಲ್ಲಿ ಅರ್ಜಿ ಹಾಕಿ ಮೇಲಿನವರ ಮಂಜೂರಾತಿ ಪಡೆಯುವ ಸೌಕರ್ಯ ಬಂತು. ಇನ್ನು ಮುಂದೆ ಕೆಳಗಿನವರು ಮೇಲಿನವರ ತಪ್ಪು ಹುಡುಕಬಾರದೆಂಬ ನಿಯಮವೂ ಬಂದಿದೆಯಂತೆ. ಅದರಿಂದ ಮೇಲಿನವರ ತಪ್ಪುಗಳೆಲ್ಲ ಒಂದೇ ದಿನದಲ್ಲಿ ಮಾಯವಾದವಲ್ಲ, ಅಂಥ ಮದ್ದು ಯಾವ ವೈದ್ಯರ ಬಳಿಯೂ ಇಲ್ಲ.

ಆದ್ದರಿಂದ ನನ್ನ ಪ್ರಾರ್ಥನೆ ಸಣ್ಣದು. ಶಿಸ್ತು ಸಮಿತಿ ಏನು ತೀರ್ಮಾನ ಬರೆದರೂ ಮೊದಲು ಗುಬ್ಬಿಗೇ ಓದಲು ಕೊಟ್ಟು, ಅವಳು ಒಪ್ಪಿದ ಮೇಲಷ್ಟೇ ಜಾರಿಗೆ ತರಬೇಕು. ಬಿಟ್ಟುಹೋದ ಆ ಒಂದು ಸಾಲನ್ನು ತಾವೇ ಸ್ವಹಸ್ತದಿಂದ ಸೇರಿಸಬೇಕು. ಬಿಡುವಾದಾಗ ನನ್ನ ಅಂಗಡಿಗೂ ಬರಬೇಕು. ಸ್ವಾಗತ ಪತ್ರದ ಮೇಲಿನ ಫೋಟೋದಲ್ಲಿ ತಮ್ಮ ಕೋಟಿನ ಎಡ ಭುಜ ಜೋಲುತ್ತಿದೆ, ತೋಳು ಬೆರಳನ್ನು ನುಂಗಿದೆ. ಸಿದ್ಧವಿದ್ದದ್ದನ್ನು ಕೊಂಡಾಗ ಹೀಗಾಗುತ್ತದೆ ಮಾನ್ಯರೇ, ಹೊಲಿದವನಿಗೆ ತೊಡುವವರ ಮೈ ಗೊತ್ತಿರುವುದಿಲ್ಲ, ತೊಟ್ಟವರಿಗೆ ಹೊಲಿಗೆ ಗೊತ್ತಿರುವುದಿಲ್ಲ. ತಾವು ಎಳೆದು ಸರಿಮಾಡಹೊರಟರೆ ದಾರ ಬಿಡುತ್ತದೆ.

ತಮ್ಮ ಕಾರ್ಯದರ್ಶಿಗಳಿಗೆ ಓದುವ ಶ್ರಮ ಕೊಡಬಾರದೆಂದು ಈ ಪತ್ರವನ್ನು ನೇರವಾಗಿ ಪತ್ರಿಕೆಗೇ ಕೊಡುತ್ತಿದ್ದೇನೆ.

ಸೋಮವಾರ ಬೆಳಗಿನವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಗುಬ್ಬಿಯ ಸೋದರಮಾವ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಾಗ ಗುಬ್ಬಿ ಬಂದು ಸುದ್ದಿ ಹೇಳಿದಳು. ಹೆಸರು, ಕಟ್ಟಡ, ಬಣ್ಣ ಬಳಿದ ಗೋಡೆ ಎಲ್ಲವೂ ತಮ್ಮದೇ ಅಂತೆ, ತಕರಾರಿಲ್ಲ. ತಂತ್ರಾಂಶವನ್ನು ಮಾತ್ರ ಯಾರು ಬೇಕಾದರೂ ನಕಲು ಮಾಡಿಕೊಂಡು ಬೇರೆ ಹೆಸರಿನಲ್ಲಿ ಮುಂದುವರಿಸಬಹುದೆಂದು ಅದರ ಪರವಾನಗಿಯಲ್ಲೇ ಮೊದಲಿನಿಂದ ಬರೆದಿದೆಯಂತೆ. ಖರೀದಿಗೆ ಮುಂಚೆ ತಮ್ಮವರು ಯಾರೂ ಅಷ್ಟು ದೂರ ಓದಿರಲಿಲ್ಲವೇನೋ. ಗುಬ್ಬಿಯೂ ಅವಳ ಜೊತೆಯವರೆಲ್ಲರೂ ಇವತ್ತು ರಾಜೀನಾಮೆ ಕೊಟ್ಟು ನನ್ನ ಅಂಗಡಿಯ ಮೇಲಿನ ಕೋಣೆಗೆ ಬಂದಿದ್ದಾರೆ, ಬಟ್ಟೆ ಕತ್ತರಿಸುವ ಮೇಜನ್ನೂ ಆಕ್ರಮಿಸಿದ್ದಾರೆ. ಶಿಸ್ತು ಸಮಿತಿ ಸೋಮವಾರ ಧಾರಾಳವಾಗಿ ಸೇರಲಿ. ಕೂರಲು ಕುರ್ಚಿಗಳು ಬೇಕಾದಷ್ಟು ಖಾಲಿ ಇರುತ್ತವೆ.